ಹಳೆ ಎನ್‌ಎಚ್ 17 ಉಡುಪಿಯಲ್ಲಿ ಯಾವ ದಾರಿಯಲ್ಲಿ ಹೋಗುತ್ತಿತ್ತು?

ಘಟ್ಟದ ಮೇಲಿನವ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು. ಈಗ ಅಂಬಲಪಾಡಿ ದೇವಸ್ಥಾನದ ಹತ್ತಿರ ಬಾಡಿಗೆ ಮನೆ, ಕೆಲಸ ಮಣಿಪಾಲದಲ್ಲಿ. ಇಲ್ಲಿ ಯಾರನ್ನು ದಾರಿ ಕೇಳಿದರೂ ‘ಬೈಪಾಸ್ ದಾಟಿ ಬನ್ನಿ’, ‘ಕರಾವಳಿ ಬೈಪಾಸಿನಲ್ಲಿ ಇಳಿಯಿರಿ’ ಅನ್ನುತ್ತಾರೆ. ನೋಡಿದರೆ ಅದು ಊರ ನಡುವೆಯೇ ಇದೆ, ಎರಡೂ ಕಡೆ ಶೋರೂಮು, ಹೋಟೆಲು. ಹಾಗಾದರೆ ಮೊದಲು ಹೈವೇ ಎಲ್ಲಿತ್ತು? ಆ ಹಳೆ ರಸ್ತೆ ಈಗಲೂ ಇದೆಯಾ? ಇನ್ನೊಂದು, ಅಂಬಲಪಾಡಿಯಲ್ಲಿ, ಸಂತೆಕಟ್ಟೆಯಲ್ಲಿ ಮತ್ತೆ ಮತ್ತೆ ಅಗೆದರಲ್ಲ, ಆ ಕೆಲಸವನ್ನು ನಾಲ್ಕು ಲೇನ್ ಮಾಡುವಾಗಲೇ ಯಾಕೆ ಮಾಡಲಿಲ್ಲ?

ಜೋಡುಕಟ್ಟೆ:
ಇದೆ ಮಾರಾಯ್ರೆ, ನೀವು ಅದರಲ್ಲೇ ಓಡಾಡುತ್ತಿರಬಹುದು. ಮಂಗಳೂರು ಕಡೆಯಿಂದ ಉದ್ಯಾವರ, ಬಲಾಯಿಪಾದೆ ದಾಟಿ ಬಂದರೆ ಕಿನ್ನಿಮುಲ್ಕಿಯಲ್ಲಿ ಬಲಕ್ಕೆ ಸ್ವಾಗತ ಗೋಪುರ ಕಾಣುತ್ತದೆ. ಹಳೆ ದಾರಿ ಆ ಗೋಪುರದ ಒಳಗೆ. ಅಲ್ಲಿಂದ ಗೋವಿಂದ ಕಲ್ಯಾಣ ಮಂಟಪ, ಜೋಡುಕಟ್ಟೆ, ಕೋರ್ಟ್ ರೋಡ್, ಕೆ.ಎಂ. ಮಾರ್ಗ, ಬಸ್ ಸ್ಟ್ಯಾಂಡು, ಕಲ್ಸಂಕ, ಆಮೇಲೆ ಗುಂಡಿಬೈಲು ಹಿಡಿದು ಅಂಬಾಗಿಲಿನಲ್ಲಿ ಈಗಿನ ಹೈವೇಗೆ ಸೇರುತ್ತದೆ. ಕುಂದಾಪುರಕ್ಕೆ ಹೋಗುವ ಗಾಡಿಗಳೆಲ್ಲ ಪೇಟೆಯ ಒಳಗೆ ನುಗ್ಗಿಯೇ ಹೋಗಬೇಕಿತ್ತು. ಈಗ ಕೆ.ಎಂ. ಮಾರ್ಗದಲ್ಲಿ ಒಂದು ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಅಲ್ಲಿ ಮಂಗಳೂರು ಹೆಂಚಿನ ಲೋಡು ತುಂಬಿದ ಲಾರಿ ತಿರುಗುವುದನ್ನು ನೀವೇ ಯೋಚಿಸಿ.

ಕೃಷ್ಣ ಮಠದ ಪೂಜೆಯ ಅಧಿಕಾರ ಒಂದು ಮಠದ ಸ್ವಾಮಿಗಳಿಂದ ಇನ್ನೊಂದು ಮಠದವರಿಗೆ ಹೋಗುವ ಪರ್ಯಾಯ ಉತ್ಸವ ನೋಡಿದ್ದೀರಾ? ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ. ಪೀಠ ಏರುವ ಸ್ವಾಮಿಗಳು ಕಾಪು ಹತ್ತಿರದ ದಂಡತೀರ್ಥದಲ್ಲಿ ಸ್ನಾನ ಮಾಡಿ ಜೋಡುಕಟ್ಟೆಗೆ ಬರುತ್ತಾರೆ, ಅಲ್ಲಿಂದ ರಥಬೀದಿಗೆ ಮೆರವಣಿಗೆ. ತೆಂಕಣದಿಂದ ಊರಿಗೆ ಬರುವವರ ಬಾಗಿಲು ಅದೇ ಆಗಿತ್ತು, ಬೈಪಾಸ್ ಬಂದ ಮೇಲೂ ಮೆರವಣಿಗೆ ದಾರಿ ಬದಲಿಸಲಿಲ್ಲ. ಮುಂದಿನ ಪರ್ಯಾಯಕ್ಕೆ ರಾತ್ರಿಯೇ ಬಂದು ಜೋಡುಕಟ್ಟೆಯಲ್ಲಿ ನಿಲ್ಲಿ, ರಸ್ತೆಯ ಇತಿಹಾಸ ಪುಕ್ಕಟೆ ಸಿಗುತ್ತದೆ 🙂

ಸ್ವರ್ಣಾ ತೀರ:
ಮೇಲಿನವರು ದಾರಿ ಸರಿಯಾಗಿ ಹೇಳಿದ್ದಾರೆ. ನಂಬರಿನ ವಿಷಯ ಸ್ವಲ್ಪ ಸೇರಿಸುತ್ತೇನೆ. ಎನ್‌ಎಚ್ 17 ಅಂದರೆ ಮುಂಬೈ ಹತ್ತಿರದ ಪನ್ವೇಲಿನಿಂದ ಕೊಚ್ಚಿಯ ಇಡಪಳ್ಳಿವರೆಗೆ. 2010ರಲ್ಲಿ ದೇಶದ ಹೈವೇಗಳಿಗೆಲ್ಲ ಹೊಸ ನಂಬರು ಕೊಟ್ಟಾಗ ಇದು 66 ಆಯಿತು, ಕನ್ಯಾಕುಮಾರಿವರೆಗೆ ಉದ್ದವಾಯಿತು. ಒಟ್ಟು ಸುಮಾರು 1,600 ಕಿ.ಮೀ. ಆದರೂ ನಮ್ಮ ಕಡೆ ಹಿರಿಯರ ಬಾಯಲ್ಲಿ ಇನ್ನೂ ‘ಸೆವೆಂಟೀನ್’.

ಕರಾವಳಿಯ ಈ ರಸ್ತೆಗೆ ದೊಡ್ಡ ತೊಂದರೆ ಇದ್ದದ್ದು ಪೇಟೆಗಳಿಂದಲ್ಲ, ಹೊಳೆಗಳಿಂದ. ಘಟ್ಟದ ನೀರೆಲ್ಲ ಪಡುವಣಕ್ಕೆ ಹರಿಯುತ್ತದೆ, ರಸ್ತೆ ಹೋಗುವುದು ಬಡಗು–ತೆಂಕು. ಹಾಗಾಗಿ ಪ್ರತಿ ಹೊಳೆಯನ್ನೂ ಅಡ್ಡ ದಾಟಲೇಬೇಕು: ನೇತ್ರಾವತಿ, ಕೂಳೂರಿನಲ್ಲಿ ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ, ಉದ್ಯಾವರ ಹೊಳೆ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ. ಸೇತುವೆ ಇಲ್ಲದ ಕಾಲದಲ್ಲಿ ಕಡವಿನಲ್ಲಿ ದೋಣಿಗೆ ಕಾಯಬೇಕಿತ್ತು. ಕೂಳೂರಿನ ಹಳೆ ಕಮಾನು ಸೇತುವೆ 1952ರದ್ದು. ಆಗ ನಾವು ಮದರಾಸಿಗೆ ಸೇರಿದವರು, ಶಿರೂರು ದಾಟಿದರೆ ಬೊಂಬಾಯಿ ರಾಜ್ಯ. 1956ರಲ್ಲಿ ಎರಡೂ ಕಡೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು.

ಬೈಪಾಸ್ ಪಡುವಣಕ್ಕೇ ಯಾಕೆ ಅಂತ ಕೇಳಿದರೆ, ನನ್ನ ಲೆಕ್ಕದಲ್ಲಿ ಉತ್ತರ ಸುಲಭ. ಮೂಡಣಕ್ಕೆ ಹೋದರೆ ಇಂದ್ರಾಳಿ, ಮಣಿಪಾಲದ ಗುಡ್ಡ. ಪಡುವಣಕ್ಕೆ ಸಪಾಟು ಬೈಲು, ಗದ್ದೆ. ಕೊಂಕಣ ರೈಲು ಆಮೇಲೆ ಮೂಡಣದಲ್ಲೇ ಬಂತು, ಅದು ಬೇರೆ ಕಥೆ.

ಮಲ್ಪೆ ಬಂಗುಡೆ:
ಕೊನೆಯ ಪ್ರಶ್ನೆಗೆ ನಾನು ಹೇಳುತ್ತೇನೆ, ಸ್ವಲ್ಪ ಸಿಟ್ಟಿನಲ್ಲೇ. ನಾಲ್ಕು ಲೇನ್ ಬರುವಾಗ ಇಲ್ಲಿ ಜಗಳ ನಡೆದದ್ದೆಲ್ಲ ಅಗಲದ ಮೇಲೆ. 60 ಮೀಟರ್ ಬೇಡ, 45 ಸಾಕು ಅಂತ. ಮನೆ, ಅಂಗಡಿ, ತೋಟ ಹೋಗುವವರ ಸಂಕಟ ಸುಳ್ಳಲ್ಲ. ಆದರೆ 45ರೊಳಗೆ ನಾಲ್ಕು ಲೇನ್, ನಡುವೆ ಡಿವೈಡರ್, ಬದಿಗೆ ಚರಂಡಿ, ಸರ್ವಿಸ್ ರೋಡು ಎಲ್ಲ ತುರುಕಬೇಕು. ಅಡ್ಡ ದಾಟುವವರ ಬಗ್ಗೆ ಯಾರೂ ಅಷ್ಟಾಗಿ ಯೋಚಿಸಲಿಲ್ಲ. ಕರಾವಳಿ ಜಂಕ್ಷನ್ನಿನಲ್ಲಿ ಹೈವೇಯನ್ನು ಎತ್ತರಿಸಿದರು, ಮಲ್ಪೆ ರಸ್ತೆ ಅದರ ಅಡಿಯಲ್ಲಿ ಹೋಗುತ್ತದೆ, ನಮ್ಮ ಮೀನಿನ ಲಾರಿಗಳು ಬಚಾವ್. ಅಂಬಲಪಾಡಿ, ಸಂತೆಕಟ್ಟೆಯಲ್ಲಿ ಸುಮ್ನೆ ಡಿವೈಡರ್ ಒಡೆದು ದಾರಿ ಬಿಟ್ಟರು. ಶಾಲೆ ಮಕ್ಕಳು, ಸ್ಕೂಟರಿನವರು 80ರ ವೇಗದ ಬಸ್ಸಿನ ಎದುರು ದಾಟಬೇಕಾಯಿತು. ಅಪಘಾತ ಆಗಿ ಆಗಿ ಜನ ಬೊಬ್ಬೆ ಹೊಡೆದ ಮೇಲೆ ಈ ಅಗೆತ. ಸಂತೆಕಟ್ಟೆಯಲ್ಲಿ ಹೈವೇಯನ್ನೇ ಕೆಳಗೆ ಇಳಿಸಿ, ಅಡ್ಡ ರಸ್ತೆಯನ್ನು ಮೇಲೆ ಬಿಡುವ ಯೋಜನೆ. ಓಡುವ ರಸ್ತೆಯನ್ನು ಮುಚ್ಚದೆ ನಮ್ಮ ಮಳೆಗಾಲದಲ್ಲಿ ಗುಂಡಿ ತೋಡುವುದು ಅಂದರೆ ಎಂತ ಅವಸ್ಥೆ ಅಂತ ಅಲ್ಲಿ ಸಿಕ್ಕಿಬಿದ್ದವರಿಗೇ ಗೊತ್ತು.

ಹೆಜಮಾಡಿ ಟೋಲು:
ಇನ್ನೊಂದು ಬೈಪಾಸ್ ಮಾಡಬೇಕು, ಮಣಿಪಾಲದ ಆಚೆ. ಬೇರೆ ಪರಿಹಾರ ಇಲ್ಲ.

ಜೋಡುಕಟ್ಟೆ:
ಮಾಡಿ ಎಂತ ಪ್ರಯೋಜನ? ಹೊಸ ರಸ್ತೆಯ ಬದಿಗೆ ಸೈಟು ಮಾರಲು, ಅಂಗಡಿ ಕಟ್ಟಲು, ಪ್ರತಿ ಗೇಟಿನಿಂದ ನೇರ ಹೈವೇಗೆ ಇಳಿಯಲು ಬಿಟ್ಟರೆ ಕೆಲವೇ ವರ್ಷಗಳಲ್ಲಿ ಅದೂ ಪೇಟೆ ಬೀದಿ. ಕರಾವಳಿ ಬೈಪಾಸಿಗೆ ಆದದ್ದು ಇದೇ ಅಲ್ವಾ? ರಸ್ತೆ ಹಾಕುವ ಮೊದಲು ಬದಿಯ ಪ್ರವೇಶ ಬಂದ್ ಮಾಡುವ ಧೈರ್ಯ ಬೇಕು. ಅದಕ್ಕೆ ಎಲ್ಲರಿಗಿಂತ ಮೊದಲು ನಾವೇ ವಿರೋಧ ಮಾಡುತ್ತೇವೆ.

ಘಟ್ಟದ ಮೇಲಿನವ:
ತುಂಬಾ ಥ್ಯಾಂಕ್ಸ್. ಹಾಗಾದರೆ ನಾನು ದಿನಾ ಕಲ್ಸಂಕದಲ್ಲಿ ಕಾಯುವುದು ಹಳೆ ಹೈವೇಯ ಮೇಲೆಯೇ! ಅಂಬಲಪಾಡಿಯಿಂದ ಮಣಿಪಾಲಕ್ಕೆ ಕಲ್ಸಂಕ, ಇಂದ್ರಾಳಿ ತಪ್ಪಿಸಿ ಹೋಗುವ ದಾರಿ ಇದ್ದರೆ ಹೇಳಿ.

ಸ್ವರ್ಣಾ ತೀರ:
ಹೈವೇಯಲ್ಲೇ ಬಡಗಿಗೆ ಬನ್ನಿ, ನಿಟ್ಟೂರು ದಾಟಿ ಅಂಬಾಗಿಲಿನಲ್ಲಿ ಬಲಕ್ಕೆ ತಿರುಗಿ ಪೆರಂಪಳ್ಳಿ ರಸ್ತೆ ಹಿಡಿಯಿರಿ. ನೇರ ಮಣಿಪಾಲ. ಸ್ವಲ್ಪ ಸುತ್ತು, ಆದರೆ ಬೆಳಿಗ್ಗೆ 9ಕ್ಕೆ ಅದೇ ಬೇಗ. ಜಾಸ್ತಿ ಜನರಿಗೆ ಹೇಳಬೇಡಿ ಮತ್ತೆ.