ಸುಳ್ಳು ಹೇಳಿ ಮಾಡಿಸಿದ ಅಗ್ರಿಮೆಂಟಿಗೆ ಕನ್ನಡದಲ್ಲಿ ಏನು? (ತುರ್ತು)

ಜಯನಗರದಿಂದ:
ಗೆಳೆಯರೇ, ಸಂಜೆ ಆರರೊಳಗೆ ಒಂದು ಪದ ಬೇಕು. ಭಾನುವಾರ ನಮ್ಮ ಬಡಾವಣೆಯಲ್ಲಿ ಕಾನೂನು ನೆರವು ಶಿಬಿರ. ಎರಡು ಮೇಜು, ಎರಡು ಬೋರ್ಡು. ಸುಳ್ಳು ಹೇಳಿ ಸೈಟಿನ ಅಗ್ರಿಮೆಂಟಿಗೆ ಒಪ್ಪಿಸಿದ್ದರೆ ಮೊದಲ ಮೇಜು. ಅಂಗಡಿ, ಕಂಪನಿಗಳ ಮೋಸಕ್ಕೆ ಎರಡನೆಯದು. ಮೊದಲನೆಯದಕ್ಕೆ ವಕೀಲರು ‘ಫ್ರಾಡ್ಯುಲೆಂಟ್ ಇಂಡ್ಯೂಸ್‌ಮೆಂಟ್’ ಅಂತ ಬರೆದುಕೊಟ್ಟಿದ್ದಾರೆ. ನಾನು ‘ವಂಚನಾತ್ಮಕ ಪ್ರಚೋದನೆ’ ಎಂದು ಮಾಡಿದೆ. ಅಮ್ಮ ಓದಿ, ‘ಗಲಾಟೆ ಎಲ್ಲಾಯ್ತು?’ ಅಂದರು.

ಮಲ್ಲೇಶ್ವರದಿಂದ:
ನಿಮ್ಮ ತಾಯಿಯವರದೇ ಸರಿ. ಪ್ರಚೋದನೆ ಕಲ್ಲು ತೂರಿಸುವವರಿಗೆ. ಇಲ್ಲಿ ನಾಮಪದವೇ ಬೇಡ. ‘ಸುಳ್ಳು ಹೇಳಿ ಸಹಿ ಹಾಕಿಸಿಕೊಂಡ ಕರಾರು’ ಅನ್ನಿ. ‘ಇಸು’ವಿನಲ್ಲಿ ಹಾಕಿಸಿದವನು ಇದ್ದಾನೆ, ‘ಕೊಂಡ’ದಲ್ಲಿ ಅವನ ಲಾಭವೂ ಇದೆ. ಇನ್ನೇನು ಬೇಕು? ‘ತಪ್ಪು ಮಾಹಿತಿ’ ಅಂತ ಮಾತ್ರ ಬರೆಯಬೇಡಿ. ನಿಜವೆಂದೇ ನಂಬಿ ಹೇಳಿದ ತಪ್ಪು 1872ರ ಕರಾರು ಕಾಯಿದೆಯ 18ನೇ ಕಲಂಗೆ ಹೋಗುತ್ತದೆ. ಸುಳ್ಳೆಂದು ಗೊತ್ತಿದ್ದೂ ಹೇಳಿದ್ದು, ಬೇಕಂತಲೇ ಮುಚ್ಚಿಟ್ಟಿದ್ದು 17.

ಬಸವನಗುಡಿಯಿಂದ:
ಕರಾರು ಅರಬ್ಬಿ. ‘ಒಪ್ಪಂದ’ ಇರುವಾಗ ಯಾಕೆ? ಹಳಗನ್ನಡದ ಪುಸಿಯಿಂದ ಬಂದ ‘ಹುಸಿ’ಯನ್ನೂ ಜೊತೆಗೆ ತನ್ನಿ. ಹುಸಿಯೊಪ್ಪಂದ. ಐದೇ ಅಕ್ಷರ.

ಮಲ್ಲೇಶ್ವರದಿಂದ:
ಹುಸಿ ಬಾಂಬ್ ಎಂದರೆ ಬಾಂಬೇ ಇಲ್ಲ ಅಂತ, ಅಲ್ವಾ? ಹಾಗೆ ಹುಸಿಯೊಪ್ಪಂದ ಎಂದರೆ ಒಪ್ಪಂದವೇ ಇಲ್ಲ. ಇಲ್ಲಿ ಒಪ್ಪಂದ ಇದೆ, ಕೆಟ್ಟಿರುವುದು ಒಪ್ಪಿಗೆ. 19ನೇ ಕಲಂ ಪ್ರಕಾರ ಮೋಸಹೋದವರು ಬೇಕಾದರೆ ಅದನ್ನು ರದ್ದು ಮಾಡಿಸಬಹುದು, ಬೇಡದಿದ್ದರೆ ಉಳಿಸಿಕೊಳ್ಳಬಹುದು. ಇನ್ನು, ಕಾನೂನಿನ ಬಲ ಇರುವ ಒಪ್ಪಂದ ಮಾತ್ರ ಕರಾರು. ಎರಡನ್ನೂ ಒಂದೇ ಮಾಡಬೇಡಿ. ಅರಬ್ಬಿ ಬೇಡವೆಂದರೆ ವಕೀಲ, ಅರ್ಜಿ, ಜಾಮೀನು ಎಲ್ಲ ಬಿಡಿ. ಕೋರ್ಟಿಗೆ ಬೀಗ ಹಾಕಿ.

ಬಸವನಗುಡಿಯಿಂದ:
ಹಾಕಲಿ. ಬೇರೆ ಭಾಷೆಯಿಂದ ಸಾಲ ತಂದ ಮಾತು ಜಾಸ್ತಿಯಾದಷ್ಟೂ ಮನೆಯ ಮಾತು ಮೂಲೆಗೆ ಬೀಳುತ್ತದೆ.

ವಿಜಯನಗರದಿಂದ:
ಪಾಪ, ಕೇಳಿದವರಿಗೆ ಆರು ಗಂಟೆಗೆ ಬೇಕು. ಎರಡನೇ ಬೋರ್ಡಿಗೆ ‘ಅನುಚಿತ ವ್ಯಾಪಾರ ಪದ್ಧತಿ’. ಬಳಕೆಯಲ್ಲಿ ಕೂತುಬಿಟ್ಟಿದೆ, ಸುಮ್ನೆ ಕೆದಕಬೇಡಿ. ಆದರೆ ಅದನ್ನಷ್ಟೇ ಓದಿ ಯಾರೂ ಮೇಜಿನ ಹತ್ತಿರ ಬರುವುದಿಲ್ಲ. ಕೆಳಗೆ ‘ಬಿಲ್ ಕೊಡಲಿಲ್ಲವೇ? ಕೆಟ್ಟ ಮಾಲು ವಾಪಸ್ ತೆಗೆದುಕೊಳ್ಳಲಿಲ್ಲವೇ?’ ಅಂತ ಸೇರಿಸಿ. ಎರಡೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 2(47)ನೇ ಕಲಂನಲ್ಲೇ ಇವೆ. ನನಗೆ ಮಿಕ್ಸಿ ಮಾರಿದವರು ಬಿಲ್ ಬದಲು ಕ್ಯಾಲೆಂಡರ್ ಹಾಳೆಯ ಹಿಂದೆ ಬೆಲೆ ಗೀಚಿಕೊಟ್ಟಿದ್ದರು. ಅನುಚಿತ ಎಂಬ ಪದ ಆಗ ನನಗೆ ಹೊಳೆಯಲೇ ಇಲ್ಲ, ಬೇರೆ ಪದಗಳು ಹೊಳೆದವು.

ಜಯನಗರದಿಂದ:
ಎಲ್ಲರಿಗೂ ನಮಸ್ಕಾರ. ಬೋರ್ಡ್ ಬರೆಯುವವರು ಮೂರಡಿ ಹಲಗೆ ತೋರಿಸಿ, ‘ಇಷ್ಟುದ್ದ ಹಿಡಿಯಲ್ಲ ಸಾರ್’ ಅಂದರು. ಕೊನೆಗೆ ‘ಸುಳ್ಳು ಹೇಳಿ ಸಹಿ ಹಾಕಿಸಿಕೊಂಡರಾ?’ ಅಂತ ಬರೆಸಿದೆ. ಕರಾರೂ ಇಲ್ಲ, ಒಪ್ಪಂದವೂ ಇಲ್ಲ.

ಬಸವನಗುಡಿಯಿಂದ:
ಸಹಿಯೂ ಅರಬ್ಬಿಯೇ.