ಹುಟ್ಟುವ ಮೊದಲೇ ಮಗುವಿನ ಜೀನ್ ತಿದ್ದುವುದು ನ್ಯಾಯವೇ?

ಪ್ರಶ್ನೆ (ಸಿಂಧನೂರು):
ನನ್ನ ತಂಗಿಯ ಮಗನಿಗೆ ಥಲಸ್ಸೀಮಿಯಾ, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ, ವಂಶದಿಂದ ಬರುವ ರೋಗವಿದೆ. ಅವನನ್ನು ಮೂರು ವಾರಕ್ಕೊಮ್ಮೆ ರಾಯಚೂರಿಗೆ ಕರೆದೊಯ್ದು ರಕ್ತ ಹಾಕಿಸುತ್ತೇವೆ. ಏಳು ವರ್ಷದ ಅವನು, ನರ್ಸ್ ಸೂಜಿ ಕೈಗೆತ್ತಿಕೊಳ್ಳುತ್ತಲೇ ತಾನಾಗಿ ಎಡಗೈ ಚಾಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾನೆ. ತಂಗಿಯನ್ನು ಕೊಟ್ಟಿರುವುದು ನಮ್ಮ ಸೋದರಮಾವನಿಗೇ. ಎರಡನೆಯ ಮಗುವಿನ ಮಾತು ಬಂದಾಗ, ಭ್ರೂಣದಲ್ಲಿಯೇ ಜೀನ್ (ವಂಶದ ಗುಣಗಳನ್ನು ಸಾಗಿಸುವ ಅಂಶ) ತಿದ್ದಿದರೆ ಈ ರೋಗ ಬಾರದಂತೆ ಎಂದು ಮಾವ ಹೇಳಿದರು. ದೇವರು ಬರೆದದ್ದನ್ನು ತಿದ್ದಲು ಹೋಗಬೇಡಿರಿ ಎಂದು ಅಮ್ಮ ಮುನಿಸಿಕೊಂಡರು. ಬಲ್ಲವರು ಏನೆನ್ನುತ್ತೀರಿ?

ಉತ್ತರ (ಬಳ್ಳಾರಿ):
ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ನ್ಯಾಯ ಅನ್ಯಾಯಕ್ಕಿಂತ ಮೊದಲು ಅದರ ಅಗತ್ಯವಿದೆಯೇ ಎಂದು ನೋಡಬೇಕು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ (ಅಂದರೆ ತಮಗೆ ರೋಗವಿಲ್ಲದೆ ರೋಗದ ಜೀನ್ ಮಾತ್ರ ಹೊತ್ತವರಾಗಿದ್ದರೆ) ಪ್ರತಿ ಬಸಿರಿನಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಸುಮಾರು 11ನೆಯ ವಾರದಲ್ಲಿ ಮಾಸುಚೀಲದ ಚೂರು ತೆಗೆದು ಪರೀಕ್ಷಿಸಬಹುದು. ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡುವ ವಿಧಾನ) ಮಾಡಿಸಿದರೆ ರೋಗವಿಲ್ಲದ ಭ್ರೂಣವನ್ನೇ ಆರಿಸಿ ಗರ್ಭಕ್ಕೆ ಸೇರಿಸಬಹುದು. ಭ್ರೂಣದ ಜೀನ್ ತಿದ್ದಿ ಮಗು ಪಡೆಯುವುದಕ್ಕೆ ನಮ್ಮಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಅವಕಾಶ ಕೊಟ್ಟಿಲ್ಲ. 2023ರಲ್ಲಿ ಬ್ರಿಟನ್ ಒಪ್ಪಿದ ಕ್ಯಾಸ್ಜೆವಿ ಎಂಬ ಥಲಸ್ಸೀಮಿಯಾ ಚಿಕಿತ್ಸೆ ಬೇರೆಯದು. ಅದರಲ್ಲಿ ರೋಗಿಯ ಸ್ವಂತ ಕಾಂಡಕೋಶಗಳನ್ನು (ರಕ್ತ ತಯಾರಿಸುವ ಮೂಲಕೋಶಗಳನ್ನು) ಹೊರತೆಗೆದು ತಿದ್ದುತ್ತಾರೆಯೇ ಹೊರತು, ಆ ತಿದ್ದುಪಡಿ ಅವರ ಮಕ್ಕಳಿಗೆ ಇಳಿಯುವುದಿಲ್ಲ.

ಉತ್ತರ (ರಾಯಚೂರು):
ನಾವು ಹತ್ತಿ ಬೆಳೆಯುವವರು. ಹುಳು ಕೊಲ್ಲುವ ವಿಷ ಗಿಡದಲ್ಲಿಯೇ ಹುಟ್ಟುವಂತೆ ಜೀನ್ ಸೇರಿಸಿದ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಾಗ ಕಾಯಿಕೊರಕದ ಚಿಂತೆ ತೀರಿತೆಂದುಕೊಂಡಿದ್ದೆವು; ಈಗ ಹಸಿಗಾಯಿ ಬಿಡಿಸಿದರೆ ಒಳಗೆ ಗುಲಾಬಿ ಹುಳು ಹರಿದಾಡುತ್ತಿರುತ್ತದೆ. ಬೀಜ ಕೈಕೊಟ್ಟರೆ ಮುಂದಿನ ಮುಂಗಾರಿಗೆ ಬೇರೆ ಬೀಜ ತರಬಹುದು. ಮೊಮ್ಮಕ್ಕಳ ತನಕ ಇಳಿಯುವ ತಪ್ಪನ್ನು ಯಾರು ಹಿಂದಕ್ಕೆ ಪಡೆಯುತ್ತಾರೆ?

ಉತ್ತರ (ಕೊಪ್ಪಳ):
ಹತ್ತಿಯ ಹೋಲಿಕೆ ಇಲ್ಲಿ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಕೆಟ್ಟದ್ದು ಬೀಜವಲ್ಲ, ಹುಳುವೇ ಆ ವಿಷಕ್ಕೆ ಒಗ್ಗಿಕೊಂಡಿತು. ಆದರೆ ಭಯ ನಿಜವಾದದ್ದೇ. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ ಎಚ್‌ಐವಿ ತಗುಲಬಾರದೆಂದು ಅವಳಿ ಹೆಣ್ಣುಮಕ್ಕಳ ಜೀನನ್ನು ಭ್ರೂಣದಲ್ಲಿಯೇ ತಿದ್ದಿದನು. ಸೋಂಕಿದ್ದ ತಂದೆಯ ವೀರ್ಯವನ್ನು ತೊಳೆದು ಬಳಸುವ ಹಳೆಯ ವಿಧಾನದಿಂದಲೇ ಆ ಮಕ್ಕಳನ್ನು ಕಾಪಾಡಬಹುದಿತ್ತು. ಮರುವರ್ಷ ಅವನಿಗೆ 3 ವರ್ಷ ಜೈಲಾಯಿತು.

ಹುಟ್ಟದ ಮಗುವನ್ನು ಕೇಳದೆ ತಿದ್ದಬಾರದು ಎಂಬ ವಾದ ಮಾತ್ರ ನನಗೆ ಅಷ್ಟು ಹಿಡಿಸುವುದಿಲ್ಲ. ಆಸ್ತಿ ಹೊರಗೆ ಹೋಗಬಾರದೆಂದು ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವಾಗ, ಹುಟ್ಟುವ ಮಗುವಿಗೆ ಇಂಥ ರೋಗದ ಸಂಭವ ಹೆಚ್ಚುತ್ತದೆಂದಿದ್ದರೂ, ನಾವು ಯಾವ ಮಗುವನ್ನು ಕೇಳಿದ್ದೇವೆ? (ನಮ್ಮ ಮನೆಯಲ್ಲಿಯೂ ಅಂಥ ಮದುವೆಗಳಿವೆ, ಆದ್ದರಿಂದ ಬೇಸರಿಸಬೇಡಿರಿ.) ನನ್ನ ಅಂಜಿಕೆ ಇರುವುದು ನಮ್ಮ ಮೇಲೆಯೇ. ಹೊಟ್ಟೆಯ ಕೂಸಿನ ರೋಗ ಕಾಣಲೆಂದು ಬಂದ ಸ್ಕ್ಯಾನಿಂಗಿನಲ್ಲಿ ನಾವು ಹೆಣ್ಣೋ ಗಂಡೋ ನೋಡಿದೆವು. ಅದನ್ನು ತಡೆಯಲು 1994ರಲ್ಲಿ ಕಾಯ್ದೆಯೇ ಬೇಕಾಯಿತು. ಜೀನ್ ತಿದ್ದುವುದು ಸಲೀಸಾದ ದಿನ ಥಲಸ್ಸೀಮಿಯಾದವರಿಗಿಂತ ಮೊದಲು, ಕೂಸಿನ ಬಣ್ಣ ಬೆಳ್ಳಗಿರಲಿ ಎನ್ನುವವರೇ ಸಾಲುಗಟ್ಟುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಬಳ್ಳಾರಿಯವರ ಉತ್ತರವನ್ನು ಮನೆಯಲ್ಲಿ ಓದಿ ಹೇಳಿದೆ. ಮಾವ ಪರೀಕ್ಷೆಗೆ ಒಪ್ಪಿದ್ದಾರೆ. ತಂಗಿ ಮಾತ್ರ ಮಗನ ಕಡೆ ನೋಡಿ, ಅಂದೇ ಆ ಪರೀಕ್ಷೆ ಮಾಡಿಸಿದ್ದರೆ ಇವನು ಇರುತ್ತಿರಲಿಲ್ಲವಲ್ಲ ಎಂದಳು. ಅದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.