ಚರ್ಚಿನ ಜಂಬಲ್ ಸೇಲ್‌ಗಳಲ್ಲಿ ಹಳೆಯ ವಸ್ತುಗಳನ್ನು ಆರಿಸುವುದು ಹೇಗೆ?

ಪ್ರಶ್ನೆ: ಮಲಾಡ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವನು; ಮುಂಬೈಯ ಮಲಾಡಿನ ಓರ್ಲೆಮ್ ಭಾಗದಲ್ಲಿ ಈಚೆಗೆ ಮನೆ ಮಾಡಿದ್ದೇನೆ. ಹತ್ತಿರದ ಚರ್ಚೊಂದರ ಆವರಣದಲ್ಲಿ ಮುಂದಿನ ತಿಂಗಳು ಜಂಬಲ್ ಸೇಲ್ (ದಾನವಾಗಿ ಬಂದ ಹಳೆಯ ಸಾಮಾನಿನ ಮಾರಾಟ) ನಡೆಯಲಿದೆ ಎಂಬ ಫಲಕ ಹಾಕಿದ್ದಾರೆ. ಹಳೆಯ ಹಿತ್ತಾಳೆ ಪಾತ್ರೆ, ಪಿಂಗಾಣಿ, ಗ್ರಾಮೊಫೋನ್ ತಟ್ಟೆ, ಪುಸ್ತಕ ಇವುಗಳಲ್ಲಿ ನನಗೆ ಆಸಕ್ತಿ ಇದೆ, ಆದರೆ ಅನುಭವ ಇಲ್ಲ. ಆ ಚರ್ಚಿಗೆ ಸೇರದವರು ಹೋಗಬಹುದೇ? ದಾನಕ್ಕಾಗಿ ನಡೆಸುವ ಮಾರಾಟದಲ್ಲಿ ಚೌಕಾಸಿ ಮಾಡುವುದು ಸಭ್ಯತೆ ಎನಿಸುತ್ತದೆಯೇ? ನಿಜವಾಗಿ ಹಳೆಯದಾದುದನ್ನೂ ಹಳೆಯದರ ವೇಷ ಹಾಕಿದ ಹೊಸದನ್ನೂ ಬೇರ್ಪಡಿಸುವುದು ಹೇಗೆ? ಇನ್ನೊಂದು ಸಂಕೋಚದ ಪ್ರಶ್ನೆಯೂ ಇದೆ: ಮಾರುವವರಿಗೇ ಬೆಲೆ ತಿಳಿಯದ ವಸ್ತುವೊಂದು ಕಣ್ಣಿಗೆ ಬಿದ್ದರೆ ಸುಮ್ಮನೆ ಕೊಂಡು ಬರಬಹುದೇ? ಹಳೆ ಸಾಮಾನಿನ ಮಾರುಕಟ್ಟೆಯಾದ ಚೋರ್ ಬಜಾರಿಗೆ ಹೋಗು ಎಂದು ಗೆಳೆಯರು ಹೇಳುತ್ತಾರೆ. ಅಲ್ಲಿಯ ಅಂಗಡಿಯವರ ಮುಂದೆ ನನ್ನ ಅಜ್ಞಾನ ಬಾಯಿ ತೆರೆಯುವ ಮೊದಲೇ ಗೊತ್ತಾಗಿಬಿಡುತ್ತದೆ ಎಂಬ ಅಳುಕಿನಿಂದ ಇಲ್ಲಿ ಕೇಳುತ್ತಿದ್ದೇನೆ.

ಉತ್ತರ: ಬಾಂದ್ರಾದವಳು

ನಮ್ಮದು ಮಂಗಳೂರು ಮೂಲದ ಕ್ರೈಸ್ತ ಕುಟುಂಬ. ಬಾಂದ್ರಾದಲ್ಲಿ ನಮ್ಮ ಚರ್ಚಿನ ಮಾರಾಟ ನಡೆದಾಗಲೆಲ್ಲ ನಾನು ಮೇಜಿನ ಆಚೆ ನಿಲ್ಲುವವಳಾದ್ದರಿಂದ ಒಳಗಿನ ಕ್ರಮವನ್ನು ಹೇಳಬಲ್ಲೆ. ಯಾರು ಬೇಕಾದರೂ ಬರಬಹುದು; ಬಂದವರ ಜಾತಿ, ಮತ, ಊರು ಯಾವುದನ್ನೂ ಯಾರೂ ಕೇಳುವುದಿಲ್ಲ. ಭಾನುವಾರದ ಪೂಜೆಯ ಕೊನೆಗೆ ಪ್ರಕಟಣೆ ಓದಿದ ಬಳಿಕ ಮನೆಮನೆಗಳಿಂದ ಸಾಮಾನು ಬರುತ್ತದೆ. ಹಳೆಯ ಕಾಟೇಜ್ ಕೆಡವಿ ಕಟ್ಟಡ ಕಟ್ಟಲು ಕೊಟ್ಟವರು, ಮಕ್ಕಳ ಬಳಿ ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೊರಟವರು, ಅಜ್ಜಿ ತೀರಿಹೋದ ಮೇಲೆ ಕಪಾಟು ಬರಿದು ಮಾಡುವವರು, ಹೀಗೆ ಒಂದೊಂದು ಪೆಟ್ಟಿಗೆಯ ಹಿಂದೆಯೂ ಒಂದು ಮನೆ ಖಾಲಿಯಾಗುತ್ತಿರುತ್ತದೆ. ಬಂದ ಹಣ ಸಾಮಾನ್ಯವಾಗಿ ಬಡವರ ನೆರವಿಗೆ, ಹೆಚ್ಚಾಗಿ ಸಂತ ವಿನ್ಸೆಂಟ್ ದಿ ಪಾಲ್ ಸಂಘದ ಕೆಲಸಕ್ಕೆ, ಇಲ್ಲವೇ ಚರ್ಚಿನ ದುರಸ್ತಿಗೆ ಹೋಗುತ್ತದೆ.

ಬೆಲೆ ಹಾಕುವವರು ನಮ್ಮಂಥ ಸ್ವಯಂಸೇವಕರೇ ಹೊರತು ತಜ್ಞರಲ್ಲ. ಹೊಳೆಯುವುದಕ್ಕೆ ಹೆಚ್ಚು ಬೆಲೆ, ಮಾಸಿದ್ದಕ್ಕೆ ಕಡಿಮೆ ಬೆಲೆ ಹಾಕುವುದು ನಮ್ಮ ಸ್ವಭಾವವಾದ್ದರಿಂದ ನಿಮ್ಮ ಆಸಕ್ತಿಯ ವಸ್ತುಗಳು ಮೇಜಿನ ಮೇಲಲ್ಲ, ಮೇಜಿನ ಕೆಳಗಿನ ಪೆಟ್ಟಿಗೆಗಳಲ್ಲಿ ಸಿಗುತ್ತವೆ. ಕೂತು ನೋಡಲು ನಾಚಬೇಡಿ. ಬಾಗಿಲು ತೆರೆಯುತ್ತಲೇ ಹಳೆ ಸಾಮಾನಿನ ವ್ಯಾಪಾರಿಗಳು ಬರುತ್ತಾರೆ, ಆದ್ದರಿಂದ ತಡಮಾಡಿದರೆ ಪಾತ್ರೆ, ಗಡಿಯಾರ ಉಳಿಯುವುದಿಲ್ಲ. ಪುಸ್ತಕ ಮತ್ತು ಬಟ್ಟೆ ಮಾತ್ರ ಸಂಜೆಯವರೆಗೂ ಇರುತ್ತವೆ. ಬೆಳಗಿನ ಹೊತ್ತು ಇಪ್ಪತ್ತು ರೂಪಾಯಿಯ ಲೋಟಕ್ಕೆ ಹತ್ತು ಕೊಡುತ್ತೇನೆ ಎನ್ನುವವರನ್ನು ಕಂಡರೆ ನಮಗೆ ಬೇಸರವಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮುಗಿಯುವ ಹೊತ್ತಿಗೆ ಉಳಿದದ್ದನ್ನು ಚೀಲಕ್ಕಿಷ್ಟು ಎಂದು ನಾವೇ ಕೊಟ್ಟುಬಿಡುತ್ತೇವೆ. ಚಿಲ್ಲರೆ ನೋಟು ಮತ್ತು ಗಟ್ಟಿಯಾದ ಬಟ್ಟೆಯ ಚೀಲ ತನ್ನಿ.

ಉತ್ತರ: ಮಾಟುಂಗಾದ ಹಳೆಯ ಓದುಗ

ಗುರುತಿಸುವ ವಿಷಯವನ್ನು ನಾನು ಹೇಳುತ್ತೇನೆ. ಪಿಂಗಾಣಿಯನ್ನು ಮೊದಲು ಬೋರಲು ಹಾಕಿ ತಳ ನೋಡಬೇಕು. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂಬ ಕಾನೂನು 1891ರಲ್ಲಿ ಜಾರಿಗೆ ಬಂದ ಕಾರಣ, ಬರೀ ‘ಇಂಗ್ಲೆಂಡ್’ ಎಂದಿದ್ದರೆ ಅದು ಸಾಮಾನ್ಯವಾಗಿ ಆ ವರ್ಷದ ಈಚಿನದು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿ ಇದ್ದರೆ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು. ಜಪಾನಿನ ತಟ್ಟೆಗಳಲ್ಲಿ ‘ನಿಪ್ಪಾನ್’ ಎಂಬ ಮುದ್ರೆ 1921ರವರೆಗಿನದು, ‘ಆಕ್ಯುಪೈಡ್ ಜಪಾನ್’ ಎಂಬುದು ಎರಡನೆಯ ಮಹಾಯುದ್ಧ ಮುಗಿದ ಮೇಲೆ 1952ರೊಳಗಿನದು. ‘ಚೆಕೊಸ್ಲೊವಾಕಿಯಾ’ ಎಂದಿರುವ ಗಾಜು 1918ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ, ಏಕೆಂದರೆ ಆ ದೇಶವೇ ಆಗ ಇರಲಿಲ್ಲ. ಮುದ್ರೆ ನೋಡಿದ ಮೇಲೆ ಬಟ್ಟಲನ್ನು ಅಂಗೈ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿ. ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಮೊಂಡಾಗಿ ನಿಂತುಹೋಗುತ್ತದೆ.

ಹಿತ್ತಾಳೆಗೆ ಆಯಸ್ಕಾಂತ ಸಾಕು. ಅಂಟಿಕೊಂಡರೆ ಒಳಗೆ ಕಬ್ಬಿಣವಿದ್ದು ಮೇಲೆ ಲೇಪ ಮಾತ್ರ ಇದೆ ಎಂದರ್ಥ. ಅಂಟದಿದ್ದರೂ ವಯಸ್ಸು ತಿಳಿಯುವುದಿಲ್ಲ. ಅದಕ್ಕೆ ಸವೆತವನ್ನು ನೋಡಬೇಕು. ದಿನಬಳಕೆಯಲ್ಲಿದ್ದ ತಂಬಿಗೆಯ ಕಂಠ ಮತ್ತು ತಳ ಸವೆದಿರುತ್ತವೆ, ಸಂದುಗಳಲ್ಲಿ ಕಪ್ಪು ಕುಳಿತಿರುತ್ತದೆ. ಆಮ್ಲ ಹಾಕಿ ಕಪ್ಪಾಗಿಸಿದ ಹೊಸ ಪಾತ್ರೆಯಲ್ಲಿ ಈ ಕಪ್ಪು, ಕೈ ತಾಗುವ ಜಾಗವೂ ತಾಗದ ಜಾಗವೂ ಒಂದೇ ಎಂಬಂತೆ, ಎಲ್ಲೆಡೆ ಸಮನಾಗಿ ಹರಡಿರುತ್ತದೆ.

ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮೊಫೋನ್ ತಟ್ಟೆಗಳು ಅರಗಿನಿಂದ ಮಾಡಿದವು, ಭಾರವಾಗಿಯೂ ಗಾಜಿನಂತೆ ಒಡೆಯುವಂಥವಾಗಿಯೂ ಇರುತ್ತವೆ. ಅವುಗಳನ್ನು ಅಡ್ಡಡ್ಡ ಪೇರಿಸಿ ತರಬೇಡಿ, ನಿಲ್ಲಿಸಿ ತನ್ನಿ. ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಆಲ್ಕೊಹಾಲಿನಲ್ಲಿ ಅರಗು ಕರಗುತ್ತದೆ. ಹಿತ್ತಾಳೆಯ ದೊಡ್ಡ ಕಹಳೆಯುಳ್ಳ, ನಾಯಿಯ ಚಿತ್ರ ಅಂಟಿಸಿದ ಥಳಥಳಿಸುವ ಗ್ರಾಮೊಫೋನ್ ಕಂಡರೆ ಮುಂದೆ ನಡೆಯಿರಿ. ಅವು ಬಹುಮಟ್ಟಿಗೆ ಬೇರೆ ಬೇರೆ ಬಿಡಿಭಾಗ ಜೋಡಿಸಿ ಪ್ರವಾಸಿಗರಿಗಾಗಿ ತಯಾರಾಗುವ ನಕಲುಗಳು.

ನಮ್ಮವರು ತಪ್ಪದೆ ಎಡವುವ ಇನ್ನೊಂದು ವಸ್ತು ಎಚ್‌ಎಂಟಿ ಕೈಗಡಿಯಾರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯ ಜನತಾ, ಪೈಲಟ್ ಮೊದಲಾದ ಮಾದರಿಗಳ ಮುಖಕ್ಕೆ ಕಿತ್ತಳೆ, ನೇರಳೆ ಬಣ್ಣ ಬಳಿದು, ಅಕ್ಷರ ಮರುಮುದ್ರಿಸಿ ಮಾರುವ ದಂಧೆ ಎಷ್ಟು ಹಬ್ಬಿದೆಯೆಂದರೆ, ಸಂಗ್ರಾಹಕರು ಅಂಥವನ್ನು ‘ಮುಂಬೈ ಸ್ಪೆಷಲ್’ ಎಂದೇ ಕರೆಯುತ್ತಾರೆ. ಸೊಟ್ಟ ಅಕ್ಷರ, ದಪ್ಪ ಮಸಿ, ಮುಖ ಹೊಚ್ಚ ಹೊಸದಾಗಿದ್ದು ಮುಳ್ಳು ಮಾತ್ರ ತುಕ್ಕು ಹಿಡಿದಿರುವುದು, ಇವು ಅದರ ಗುರುತುಗಳು. ಮನೆಯ ಪೆಟ್ಟಿಗೆಯಿಂದ ನೇರವಾಗಿ ಚರ್ಚಿಗೆ ಬಂದ ಗಡಿಯಾರದಲ್ಲಿ ಈ ಅಪಾಯ ಕಡಿಮೆ.

ಪುಸ್ತಕಗಳಲ್ಲಿ ಮಂಗಳೂರಿನ ಕುಟುಂಬಗಳ ಪೆಟ್ಟಿಗೆಗಳನ್ನು ಬಿಡಬೇಡಿ. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪ್ರಾರ್ಥನಾ ಪುಸ್ತಕಗಳು ಅಲ್ಲಿ ರದ್ದಿಯ ಬೆಲೆಗೆ ಇರುತ್ತವೆ. ಕಿಟೆಲರ ನಿಘಂಟು ಸಿಕ್ಕರೆ ಹೆಸರುಪುಟದಲ್ಲಿ ಮಂಗಳೂರು, 1894 ಎಂದು ಕಂಡೊಡನೆ ಹಿಗ್ಗಬೇಡಿ. ಅದೇ ಪುಟವನ್ನು ಯಥಾವತ್ತಾಗಿ ಉಳಿಸಿಕೊಂಡ ಮರುಮುದ್ರಣಗಳಿವೆ. ಪುಟದ ಹಿಂಬದಿಯನ್ನೂ ಕಾಗದದ ಬಣ್ಣವನ್ನೂ ನೋಡಿ ನಿರ್ಧರಿಸಿ. ತಂದ ಪುಸ್ತಕಗಳನ್ನು ನೇರವಾಗಿ ಕಪಾಟಿಗೆ ಸೇರಿಸದೆ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಟ್ಟರೆ ಹುಳು ಮತ್ತು ಮೊಟ್ಟೆ ಸಾಯುತ್ತವೆ.

ಉತ್ತರ: ಪುಣೆ ಕ್ಯಾಂಪ್

ಬೆಲೆ ತಿಳಿಯದವರಿಂದ ಸುಮ್ಮನೆ ಕೊಳ್ಳಬಹುದೇ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಮ್ಮಲ್ಲಿ ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಜಾರಿನಲ್ಲಿ ನಾನು ಬಾಯಿ ಬಿಡುವುದಿಲ್ಲ. ಅಲ್ಲಿ ಮಾರುವವನು ವ್ಯಾಪಾರಿ. ತನ್ನ ಲಾಭವನ್ನು ಲೆಕ್ಕ ಹಾಕಿಯೇ ಬೆಲೆ ಹೇಳಿರುತ್ತಾನೆ, ನನ್ನ ತಿಳಿವಳಿಕೆ ನನ್ನ ಬಂಡವಾಳ. ಚರ್ಚಿನ ಮೇಜಿನ ಆಚೆ ನಿಂತವರಿಗೆ ಲಾಭವಿಲ್ಲ, ಹಣ ಸೇರುವುದು ಬಡವರಿಗೆ. ಆದ್ದರಿಂದ ತೀರ ಬೆಲೆಬಾಳುವುದು ಕಂಡರೆ ಹೇಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಐವತ್ತಕ್ಕೆ ಸಿಕ್ಕ ಬಟ್ಟಲು ಐನೂರು ಬಾಳುತ್ತದೆ ಎಂದಾದರೆ ಆ ಸಂತೋಷ ನಿಮ್ಮದೇ ಇರಲಿ. ಬೆಳ್ಳಿಯ ತಟ್ಟೆಯನ್ನು ಅಲ್ಯುಮಿನಿಯಮ್ ಎಂದು ಮಾರುತ್ತಿದ್ದರೆ ಬೇರೆ ಮಾತು.

ಕಾನೂನೂ ಒಂದಿದೆ. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೂ ಹಳೆಯ ವಿಗ್ರಹ, ನಾಣ್ಯ, ಕಲಾಕೃತಿಗಳೂ, ಮಹತ್ವದ ಹಸ್ತಪ್ರತಿಯಾದರೆ 75 ವರ್ಷ ತುಂಬಿದವೂ ಪ್ರಾಚೀನ ವಸ್ತುಗಳೆನಿಸುತ್ತವೆ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಹಳೆಯ ವಿಗ್ರಹವನ್ನು ವಿದೇಶದ ನೆಂಟರಿಗೆ ಉಡುಗೊರೆ ಕೊಡುವ ಯೋಚನೆಯಿದ್ದರೆ ಬಿಡಿ.

ಉತ್ತರ: ವಾಸ್ಕೋ

ಗೋವಾಕ್ಕೆ ಬಂದರೆ ಅಂಜುಣದ ಬುಧವಾರದ ಸಂತೆಯಲ್ಲಿ ಹಳೆಯದನ್ನು ಹುಡುಕಿ ಕಾಲ ಕಳೆಯಬೇಡಿ; ಹಿಪ್ಪಿಗಳು ತಮ್ಮ ಸಾಮಾನು ಮಾರಿಕೊಳ್ಳುತ್ತಿದ್ದ ಕಾಲ ಹೋಗಿ ಈಗ ಅಲ್ಲಿ ಹೆಚ್ಚಿನದೆಲ್ಲ ಹೊಸ ಸರಕು. ಒಂದು ಅಪವಾದವಿದೆ. ಉತ್ತರ ಕರ್ನಾಟಕದಿಂದ ಬಂದ ಲಂಬಾಣಿ ಹೆಂಗಸರನ್ನು ಕನ್ನಡದಲ್ಲಿ ಮಾತನಾಡಿಸಿದರೆ ಗಂಟಿನ ತಳದಿಂದ ಕೈಕಸೂತಿಯ ಹಳೆಯ ತುಂಡುಗಳು ಹೊರಬರುವುದುಂಟು. ಕನ್ನಡಿಯ ಸುತ್ತ ದಾರದ ಹೊಲಿಗೆ ಇದೆಯೋ, ಅಂಟು ಇದೆಯೋ ತಿರುಗಿಸಿ ನೋಡಿ. ಗೋವಾದ ಪೋರ್ಚುಗೀಸ್ ಆಡಳಿತದ ನಾಣ್ಯಗಳಲ್ಲಿ ಎಸ್ಕುಡೊ ಲೆಕ್ಕದವು 1958ರ ಈಚಿನವು, 1961ಕ್ಕೆ ಆ ಆಡಳಿತವೇ ಮುಗಿಯಿತು. ಅವು ವಿರಳವೂ ಅಲ್ಲ, ದುಬಾರಿಯೂ ಆಗಬಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಹಳೆಯ ಹಿತ್ತಾಳೆಯ ಪಾತ್ರೆ ಸಿಕ್ಕರೆ ಅದರಲ್ಲಿ ಅಡುಗೆ ಮಾಡಬಹುದೇ?

ಮಾಟುಂಗಾದ ಹಳೆಯ ಓದುಗ

ಕಲಾಯಿ ಇಲ್ಲದೆ ಮಾಡಬಾರದು. ಹುಣಸೆ, ಟೊಮೆಟೊ, ಮಜ್ಜಿಗೆ ತಾಗಿದರೆ ತಾಮ್ರದ ಅಂಶ ಆಹಾರಕ್ಕೆ ಬಿಡುತ್ತದೆ. ಪಾತ್ರೆಯ ಒಳಮೈ ಹಳದಿಯಾಗಿ ಕಂಡರೆ ಕಲಾಯಿ ಸವೆದಿದೆ ಎಂದು ತಿಳಿಯಿರಿ. ಕಲಾಯಿಯವನು ನವಸಾಗರ ಹಾಕಿ ತವರ ಬಳಿಯುವಾಗ ನೀವೇ ಎದುರಿಗೆ ನಿಂತು, ಅದು ಶುದ್ಧ ತವರವೇ, ಸೀಸ ಬೆರೆತಿಲ್ಲವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಆಮೇಲೆ ಖಾಲಿ ಪಾತ್ರೆಯನ್ನು ಉರಿಯ ಮೇಲೆ ಇಡಬೇಡಿ, ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿಕೊಳ್ಳಿ.